ಸಂಡೂರಿನ ಇಳಿಜಾರಿನಲ್ಲಿ ಎರಡು ಬಾವುಟ

ಹುಬ್ಬಳ್ಳಿಯಿಂದ ಹೊರಟ ರೈಲು ಹೊಸಪೇಟೆ ತಲುಪಿದಾಗ ಬೆಳಿಗ್ಗೆ ಒಂಬತ್ತೂ ಹತ್ತು. ಇಪ್ಪತ್ತು ನಿಮಿಷ ತಡ. ವಿಶ್ವವಿದ್ಯಾಲಯದ ವಿಜ್ಞಾನ ಕಾಲೇಜೊಂದರ ಭೂವಿಜ್ಞಾನ ವಿದ್ಯಾರ್ಥಿಗಳಿಗೆ ಮೂರು ದಿನಗಳ ಕ್ಷೇತ್ರಕಾರ್ಯವಿತ್ತು. ಅದೇ ವಿಷಯ ಕಲಿಸಿ ನಿವೃತ್ತನಾದ ನನ್ನನ್ನು ಹೊರಗಿನ ಪರೀಕ್ಷಕನೆಂದು ಕರೆದಿದ್ದರು. ಮೊದಲ ದಿನ ಹಂಪಿಯಲ್ಲಿ ಅಭ್ಯಾಸ, ಎರಡನೆಯ ದಿನ ಸಂಡೂರಿನಲ್ಲಿ ಪರೀಕ್ಷೆ, ಮೂರನೆಯ ದಿನ ಕಂಪ್ಲಿಯ ಹೊಳೆದಂಡೆ. ಚಿತ್ತವಾಡ್ಗಿಯ ವಸತಿಗೃಹಕ್ಕೆ ಆಟೋದವನು ಎಂಬತ್ತು ಕೇಳಿ ಅರವತ್ತಕ್ಕೆ ಬಂದ. ಸ್ನಾನ ಮುಗಿಸಿ, ಮಂಡಕ್ಕಿ ಒಗ್ಗರಣೆಯ ಜೊತೆ ಎರಡು ಮಿರ್ಚಿ ತಿಂದು, ಹತ್ತೂವರೆಗೆ ಬಾಗಿಲಲ್ಲಿ ನಿಂತೆ. ಕಾಲೇಜಿನ ಬಸ್ಸು ಹತ್ತೂ ಮೂವತ್ತೆಂಟಕ್ಕೆ ಬಂತು.

ಅಧ್ಯಾಪಕ ಕೊಟ್ರೇಶ ಇಳಿದು ಬಂದು, "ಭಾಳ ಕಾಯಿಸಿದ್ವೇನ್ರಿ ಸರ್?" ಎಂದರು.

"ಎಂಟು ನಿಮಿಷ" ಎಂದೆ. ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು.

ಹಂಪಿ ಅಲ್ಲಿಂದ ಹದಿಮೂರು ಕಿಲೋಮೀಟರು. ಗುಡಿಗಳ ಕಡೆ ತಿರುಗದೆ ನೇರವಾಗಿ ಬಂಡೆಗಳ ನಡುವೆ ನಡೆದೆವು. ಹದಿನಾರು ಜನಕ್ಕೂ ಕೆಲಸ ಒಂದೇ. ದೂರದೂರ ಎರಡು ಬಾವುಟ ನೆಟ್ಟಿರುತ್ತಾರೆ. ಮೊದಲನೆಯದರ ಬಳಿ ನಿಂತು ದಿಕ್ಸೂಚಿಯಲ್ಲಿ ಎರಡನೆಯದರ ದಿಕ್ಕು ಓದಬೇಕು. ಆಮೇಲೆ ಅಲ್ಲಿಗೆ ನಡೆದುಹೋಗಿ ಮೊದಲನೆಯದರ ದಿಕ್ಕು ಓದಬೇಕು. ಎರಡಕ್ಕೂ ನಡುವೆ ನೂರೆಂಬತ್ತು ಡಿಗ್ರಿ ಅಂತರ ಬರಬೇಕು. ಬಾರದಿದ್ದರೆ ಓದಿದ್ದು ತಪ್ಪು, ಇಲ್ಲವೇ ನೆಲದೊಳಗಿನ ಕಬ್ಬಿಣ ಸೂಜಿಯನ್ನು ಎಳೆಯುತ್ತಿದೆ ಎಂದರ್ಥ. ಹಂಪಿಯ ಬಂಡೆಗಳಲ್ಲಿ ಆ ಕಾಟವಿಲ್ಲ. ಹದಿನಾರೂ ಪುಸ್ತಕಗಳು ತಾಳೆಯಾದವು. ಸಂಜೆ ನಾಲ್ಕಕ್ಕೆ ಎಲ್ಲದಕ್ಕೂ "ಅಚ್ಚುಕಟ್ಟು" ಎಂದು ಬರೆದು ಸಹಿ ಹಾಕಿದೆ.

ಮರುದಿನ ಏಳಕ್ಕೆ ಹೊರಟು, ಸಂಡೂರು ದಾಟಿ ಯಶವಂತನಗರದ ದಿಕ್ಕಿಗೆ ಹೋದೆವು. ಲಾರಿಗಳ ಹಿಂದೆ ಸಿಕ್ಕಿ ಒಂಬತ್ತಾಯಿತು. ಇಳಿಜಾರನ್ನು ಕೊಟ್ರೇಶರೇ ಆರಿಸಿದ್ದರು. ಕಬ್ಬಿಣದ ಅದಿರೆಲ್ಲ ಗುಡ್ಡದ ಆಚೆ ಮಗ್ಗುಲಿಗಿದೆ, ಇಲ್ಲಿ ಬರೀ ಮಣ್ಣುಕಲ್ಲು ಎಂದರು. ಎರಡು ಬಾವುಟಗಳ ನಡುವೆ ಜಾಲಿ ಬೆಳೆದ ಹಳ್ಳ. ಇಳಿದು ಹತ್ತಲು ಇಪ್ಪತ್ತು ನಿಮಿಷ. ಬಿಸಿಲು ಆಗಲೇ ಏರಿತ್ತು. ನಾವಿಬ್ಬರೂ ಬಸ್ಸಿನ ನೆರಳಲ್ಲಿ ಮೇಜು ಹಾಕಿಕೊಂಡು ಕೂತೆವು.

ಹನ್ನೊಂದೂವರೆಗೆ ಪುಸ್ತಕಗಳು ಬಂದವು. ಹದಿನೈದು ತಾಳೆಯಾದವು. ಹದಿನಾರನೆಯದು ಹುಲಿಗೆಮ್ಮ ಎಂಬ ಹುಡುಗಿಯದು. ಅವಳ ಮೊದಲ ಓದು ಎಲ್ಲರಂತೆಯೇ ಇತ್ತು. ಎರಡನೆಯದು ಹನ್ನೊಂದು ಡಿಗ್ರಿ ಅತ್ತ. ಅಳಿಸಿ, ಬರೆದು, ಮತ್ತೆ ಅಳಿಸಿ ಹಾಳೆ ತೂತು ಬಿದ್ದಿತ್ತು.

"ಮೂರು ಸಲ ಓದೀನ್ರಿ ಸರ್. ಅಷ್ಟ ತೋರಸ್ತೈತಿ."

ಇಪ್ಪತ್ತೈದಕ್ಕೆ ಒಂಬತ್ತು ಎಂದು ಶಾಯಿಯಲ್ಲಿ ಬರೆದೆ. ಹತ್ತು ಬಂದರೆ ಪಾಸು. ಕೊಟ್ರೇಶ ನನ್ನ ಹತ್ತಿರ ಬಗ್ಗಿ, "ಎಂ.ಎಸ್ಸಿ. ಸೇರಾಕ ಅರ್ಜಿ ಹಾಕ್ಯಾಳ್ರಿ. ಇದು ಹೋದ್ರ ಒಂದು ವರ್ಷ ಹೋತು. ಇನ್ನೊಮ್ಮೆ ನೋಡಾಕ ಬಿಡ್ರಿ" ಎಂದರು. ಒಪ್ಪಿದೆ.

ಅವಳು ದಿಕ್ಸೂಚಿ ಹಿಡಿದು ಮತ್ತೆ ಹಳ್ಳಕ್ಕಿಳಿದಳು. ಕಂಪ್ಲಿಯ ಅಕ್ಕಿ ಗಿರಣಿಯವರ ಮಗ ವೀರೇಶ ಕೂಗಿದ: "ಹುಲಿಗೆವ್ವಾ, ಸೂಜಿಗೂ ನಿನ್ನಂಗ ಹಠ ಐತಿ ನೋಡ!"

ನಲವತ್ತೈದು ನಿಮಿಷ ಬಿಟ್ಟು ಬಂದಳು. ಅದೇ ಹನ್ನೊಂದು. ಪುಸ್ತಕವನ್ನು ನನ್ನ ಮುಂದಿಟ್ಟು ನಿಂತಳು.

"ಸರ್, ಎಲ್ಲಾರಂಗ ಬರಿ ಅಂದ್ರ ಬರೀತೀನ್ರಿ. ಆದ್ರ ಅಲ್ಲಿ ಹಂಗ ಕಾಣಂಗಿಲ್ಲ."

ಬೆತ್ತ ತೆಗೆದುಕೊಂಡು ಅವಳ ಜೊತೆ ನಡೆದೆ. ಹಳ್ಳ ದಾಟಲು ನನಗೆ ಇಪ್ಪತ್ತಾರು ನಿಮಿಷ ಹಿಡಿಯಿತು. ಎರಡನೆಯ ಬಾವುಟದ ಬಳಿ ನಿಂತು ನಾನೇ ಓದಿದೆ: ಹನ್ನೊಂದು ಡಿಗ್ರಿ ಅತ್ತ. ಹತ್ತು ಹೆಜ್ಜೆ ಸರಿದೆ. ಸೂಜಿ ಇನ್ನಷ್ಟು ತಿರುಗಿತು. ಬೆತ್ತದಿಂದ ಮಣ್ಣು ಕೆದಕಿದರೆ ಕೆಳಗೆ ಕರಿಯ, ಭಾರದ ಕಲ್ಲು. ಅದಿರು ಗುಡ್ಡದ ಈಚೆಗೂ ಬಂದಿತ್ತು. ಸಂಡೂರಿನಲ್ಲಿ ಈ ಅನುಮಾನ ನನಗೆ ಮೊದಲೇ ಬರಬೇಕಿತ್ತು. ಹದಿನೈದು ಚೊಕ್ಕ ಪುಸ್ತಕಗಳು ಬರಗೊಡಲಿಲ್ಲ.

ಬಾವುಟದ ಸುತ್ತಲಿನ ಕೆಂಪು ಧೂಳನ್ನು ನೋಡಿದೆ. ನನ್ನ ಬೂಟಿನದು ಬಿಟ್ಟರೆ ಅಲ್ಲಿದ್ದದ್ದು ಒಂದೇ ಜೋಡಿ ಚಪ್ಪಲಿಯ ಹೊಸ ಗುರುತು, ಹುಲಿಗೆಮ್ಮನದು. ಉಳಿದವರ ಹೆಜ್ಜೆಗಳೆಲ್ಲ ಹಳ್ಳದಲ್ಲಿ ಜಾಲಿಯ ನೆರಳಿಗೆ ಮುಗಿದಿದ್ದವು. ಶೇಂಗಾ ಸಿಪ್ಪೆಯೂ ಅಲ್ಲೇ ಬಿದ್ದಿತ್ತು.

ಮರಳಿ ಬಂದು, "ಆ ಬಾವುಟದ ತನಕ ಯಾರು ಹೋಗಿದ್ದಿರಿ?" ಎಂದು ಕೇಳಿದೆ. ವೀರೇಶ ಎದ್ದು ನಿಂತ.

"ನೂರೆಂಬತ್ತು ಕೂಡಿಸಿದ್ರ ಬರ್ತಿತ್ತಲ್ರಿ ಸರ್. ನಿನ್ನೆ ಹಂಪ್ಯಾಗೂ ಹಂಗ ಮಾಡಿದ್ವಿ. ನೀವ ಅಚ್ಚುಕಟ್ಟು ಅಂತ ಬರದ್ರಿ."

ಅವನು ಉಡಾಫೆಗೆ ಹೇಳಲಿಲ್ಲ, ನಿಜವನ್ನೇ ಹೇಳಿದ. ಎರಡು ದಿನವೂ ನಾನು ಬಾವುಟದವರೆಗೆ ನಡೆಯದೆ ಕೂತಲ್ಲೇ ಸಹಿ ಹಾಕಿದ್ದೆ. ಹದಿನೈದು ಜನರೂ ನಾಳೆ ಇದೇ ಇಳಿಜಾರಿಗೆ ಮರಳಿ ಬರಬೇಕು, ನಾನು ಎರಡನೆಯ ಬಾವುಟದ ಹತ್ತಿರ ಇರುತ್ತೇನೆ ಎಂದು ತಿಳಿಸಿದೆ. ಕಂಪ್ಲಿಯಲ್ಲಿ ವೀರೇಶನ ಮನೆಯವರು ಮರುದಿನ ಎಲ್ಲರಿಗೂ ಇಟ್ಟುಕೊಂಡಿದ್ದ ಮಧ್ಯಾಹ್ನದ ಊಟಕ್ಕೆ ಸಂಚಕಾರ ಬಂತು.

"ಎಲ್ಲಾರ ಊಟಾನೂ ನುಂಗಿದ್ಯಲ್ಲಲೇ ಹುಲಿಗೆವ್ವಾ!" ಎಂದಳು ಒಬ್ಬ ಗೆಳತಿ.

"ಶೇಂಗಾ ತಿಂದಿರಲ್ಲ, ಸಾಕು ಬಿಡ್ರಿ."

ಮೂರನೆಯ ದಿನ ಆರಕ್ಕೇ ಹೊರಟೆವು. ಒಬ್ಬೊಬ್ಬರೇ ಬೆವರುತ್ತ ಹಳ್ಳ ಹತ್ತಿ ಬಂದು ನನ್ನ ಎದುರೇ ಓದಿದರು. ಹತ್ತು, ಹನ್ನೊಂದು, ಹನ್ನೆರಡು ಡಿಗ್ರಿ ಅತ್ತ. ಒಂದು ಪುಸ್ತಕವೂ ತಾಳೆಯಾಗಲಿಲ್ಲ. ಹದಿನೈದಕ್ಕೂ ಪಾಸಿನ ಅಂಕ ಕೊಟ್ಟೆ, ಹೆಚ್ಚು ಕೊಡಲಿಲ್ಲ.

ಕಂಪ್ಲಿ ಮುಟ್ಟಿದಾಗ ನಾಲ್ಕೂವರೆ. ವೀರೇಶನ ತಾಯಿ ಅಡುಗೆಯನ್ನು ಎರಡು ಸಲ ಬಿಸಿ ಮಾಡಿದ್ದರು. "ಕುಂದ್ರಿ, ಮೊದ್ಲ ಊಟ ಮಾಡ್ರಿ, ಆಮ್ಯಾಲೆ ಪರೀಕ್ಷಿ" ಎಂದರು. ಜೋಳದ ರೊಟ್ಟಿ, ಬದನೆಕಾಯಿ, ಅವರದೇ ಗಿರಣಿಯ ಅಕ್ಕಿಯ ಅನ್ನ. ಸಂಜೆ ಐದಕ್ಕೆ ನಾನು ಊಟ ಮಾಡುವವನಲ್ಲ. ಅಂದು ಎರಡು ಸಲ ಬಡಿಸಿಕೊಂಡೆ.

ಕೈ ತೊಳೆದು, ಗಿರಣಿಯ ಮೇಜಿನ ಮೇಲೆ ಅಂಕಪಟ್ಟಿ ಬಿಚ್ಚಿದೆ. ಹುಲಿಗೆಮ್ಮನ ಹೆಸರಿನ ಮುಂದಿನ ಒಂಬತ್ತನ್ನು ಹೊಡೆದು ಇಪ್ಪತ್ತೆರಡು ಎಂದು ಬರೆದು, ಪಕ್ಕದಲ್ಲಿ ಸಹಿ ಮಾಡಿದೆ.

"ಹೊಸಾ ಹಾಳಿ ಮ್ಯಾಲೆ ಬರದು ತರ್ಲೇನ್ರಿ ಸರ್? ಇದು ಹೊಲಸ ಕಾಣಸ್ತೈತಿ" ಎಂದರು ಕೊಟ್ರೇಶ.

"ಬೇಡ. ಒಂಬತ್ತು ಕೊಟ್ಟವನು ನಾನೇ. ಅದೂ ಕಾಣಲಿ."

ಬಸ್ಸು ಆರಕ್ಕೆ ಹೊಸಪೇಟೆಯ ಕಡೆ ಹೊರಟಿತು. ನನ್ನ ಮುಂದಿನ ಸೀಟಿನಲ್ಲಿ ಹುಲಿಗೆಮ್ಮ ಫೋನಿನಲ್ಲಿ ಮಾತಾಡುತ್ತಿದ್ದಳು. ಅವಳ ಅಪ್ಪ ಯಶವಂತನಗರದಲ್ಲಿ ಕಂಪನಿ ಬಸ್ಸಿನ ಚಾಲಕ.

"ಪಾಸಾಗೀನಪ್ಪಾ. ಇಪ್ಪತ್ತೆರಡು... ಇಲ್ಲ, ಇಪ್ಪತ್ತೈದಕ್ಕ... ಇನ್ನ ಮೂರು ಎಲ್ಲಿ ಹೋದ್ವಾ?" ದನಿ ತಗ್ಗಿಸಿದಳು. ಆದರೂ ನನಗೆ ಕೇಳಿಸಿತು. "ಪುಸ್ತಕ ಹೊಲಸು ಮಾಡೀನಂತ."