ಹೊಡೆದಿದ್ದೂ ನಾನೇ, ಸೋತಿದ್ದೂ ನಾನೇ

ಕಳೆದ ಭಾನುವಾರ ಬೆಳಿಗ್ಗೆ ನಮ್ಮನೆಯವರ ತಲೆಗೆ ಬಿದಿರಿನ ಕತ್ತಿಯಿಂದ ಸರಿಯಾಗಿ ಬಾರಿಸಿದೆ. ಮೂವರು ಸಾಕ್ಷಿಗಳಿದ್ದರು. (ಗಾಬರಿಯಾಗಬೇಡಿ, ಅವರು ತಲೆಗೆ ಕವಚ ಹಾಕಿದ್ದರು.)

ಇದು ಕೆಂಡೊ. ಕೆಂಡ ಹಾಯುವುದಲ್ಲ, ಜಪಾನಿನ ಕತ್ತಿವರಸೆ. ಮಲೇಷ್ಯಾದ ಪುಚೊಂಗ್‌ನಲ್ಲಿ ನಮ್ಮ ಮನೆ ಹತ್ತಿರದ ಹಾಲ್‌ನಲ್ಲಿ ವಾರಕ್ಕೊಮ್ಮೆ ಕ್ಲಾಸ್. ಹೊಟ್ಟೆ ಕರಗಲಿ ಎಂದು ಇಬ್ಬರೂ ಸೇರಿ ವರ್ಷವಾಯಿತು. ಹೊಟ್ಟೆ ಇದ್ದಲ್ಲೇ ಇದೆ.

ಪಾಠ ಸರಳ. ತಲೆಗೆ ಹೊಡೆದರೆ ‘ಮೆನ್’ ಎಂದು ಕೂಗಬೇಕು. ಮಣಿಕಟ್ಟಿಗಾದರೆ ‘ಕೊತೆ’, ಹೊಟ್ಟೆಗಾದರೆ ‘ದೋ’. ಏಟು, ಹೆಜ್ಜೆ, ಕೂಗು ಮೂರೂ ಒಟ್ಟಿಗೆ ಬಿದ್ದರೆ ಮಾತ್ರ ಪಾಯಿಂಟ್. ಮನೆಯಲ್ಲಿ ಕೂಗಿದರೆ ಬಜಾರಿ, ಇಲ್ಲಿ ಕೂಗದಿದ್ದರೆ ಸೊನ್ನೆ! ಎಂಥಾ ಸುಖ ಹೇಳಿ?

ಆವೇಶದಲ್ಲಿ ನನ್ನ ಬಾಯಿಗೆ ‘ಕೊತೆ’ ಬರುವುದೇ ಇಲ್ಲ. ‘ಕೋತಿ’ ಎಂದೇ ಬರುತ್ತದೆ. “ವೆರಿ ಗುಡ್ ಸ್ಪಿರಿಟ್ ಲಾ!” ಎನ್ನುತ್ತಾರೆ ನಮ್ಮ ಚೀನೀ ಗುರುಗಳು. ಅರ್ಥವಾಗುವುದು ನಮ್ಮನೆಯವರೊಬ್ಬರಿಗೇ.

ಭಾನುವಾರದ ಪಂದ್ಯಕ್ಕೆ ಒಂದು ಬೆಟ್ ಇತ್ತು. ಈ ದೀಪಾವಳಿಗೆ ಊರಿಗೆ ಹೋಗದೆ ಇಲ್ಲೇ ಹಾಯಾಗಿರೋಣ ಎಂದು ಇಬ್ಬರೂ ಒಪ್ಪಿದ್ದೆವು. ಆದರೆ ಅದನ್ನು ಮೈಸೂರಿನಲ್ಲಿರುವ ಅತ್ತೆಗೆ ಹೇಳುವವರು ಯಾರು?

“ನಿಮ್ಮಮ್ಮ ತಾನೇ, ನೀವೇ ಹೇಳ್ರೀ.”

“ನಂಗೆ ಧೈರ್ಯ ಇಲ್ಲ ಕಣೇ. ಸೋತೋರು ಫೋನ್ ಮಾಡೋದು, ಓಕೆನಾ?”

ಮೊದಲ ಪಾಯಿಂಟ್ ತೆಗೆದವರು ಗೆದ್ದಂತೆ. ನಾನು ನುಗ್ಗಿದೆ. ‘ಮೆನ್!’ ಎಂದು ಹಾಲ್ ನಡುಗುವಂತೆ ಕೂಗಿ ಬಾರಿಸಿದೆ. ಮೂವರು ತೀರ್ಪುಗಾರರ ಬಾವುಟಗಳೂ ಮೇಲೆದ್ದವು. ಗೆದ್ದೇಬಿಟ್ಟೆ! ಎರಡೂ ಕೈ ಎತ್ತಿ ಕುಣಿದೆ.

ಪಾಯಿಂಟ್ ರದ್ದು.

ಗೆದ್ದ ಖುಷಿಯನ್ನು ತೋರಿಸಬಾರದಂತೆ. ಎದುರಾಳಿಗೆ ಅವಮಾನವಂತೆ. ಇದೆಂಥ ನ್ಯಾಯ? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನಿನ್ನೂ ಗೊಣಗುತ್ತಿದ್ದಂತೆ ಆಟ ಮತ್ತೆ ಶುರುವಾಯಿತು. ನಮ್ಮನೆಯವರು ನನ್ನ ಹೊಟ್ಟೆಗೊಂದು ಕೊಟ್ಟು ‘ದೋ’ ಎಂದರು. ಆಮೇಲೆ ಸಂಭಾವಿತರ ಹಾಗೆ ತಲೆಬಾಗಿ ನಿಂತರು. (ಕವಚದೊಳಗೆ ಹಲ್ಲು ಕಿರಿದಿದ್ದು ನನಗೆ ಗೊತ್ತು.) ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ?

ಎದುರಿನ ಮಾಮಕ್ ಅಂಗಡಿಯಲ್ಲಿ, ಅಂದರೆ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಚಹಾ ತರಿಸಿಕೊಂಡು, ದೇವರ ಮೇಲೆ ಭಾರ ಹಾಕಿ ಮೈಸೂರಿಗೆ ಫೋನ್ ಮಾಡಿದೆ.

“ಅತ್ತೆ, ಈ ಸಲ ಹಬ್ಬಕ್ಕೆ ಬರೋಕೆ ಆಗ್ತಿಲ್ಲ...”

“ಅದಕ್ಕೇನಂತೆ ಬಿಡಮ್ಮ. ನಾವೇ ಬರ್ತಿದೀವಿ. ಟಿಕೆಟ್ ಮಾಡ್ಸಿ ವಾರ ಆಯ್ತು. ಒಂದು ತಿಂಗಳು ಇರ್ತೀವಿ.”

ದನಿಯಲ್ಲಿ ಗೆದ್ದ ಖುಷಿ ಎಳ್ಳಷ್ಟೂ ಇಲ್ಲ. ಅತ್ತೆ ಯಾವ ಗುರುಗಳ ಹತ್ತಿರ ಕಲಿತರೋ?