ತಮ್ಮ ಅತ್ತ ಮಧ್ಯಾಹ್ನ

ಎರಡು ವರ್ಷದ ಹಿಂದಿನ ಬೇಸಿಗೆ. ಇಂಡಿ ಪಟ್ಟಣದ ನಮ್ಮ ಮನೆಯಲ್ಲಿ ನಾನು ಎರಡನೆಯ ಬಾಣಂತನದಲ್ಲಿದ್ದೆ. ಊರೆಲ್ಲ ಬೆವರಿನಲ್ಲಿ ತೊಯ್ಯುತ್ತಿದ್ದರೆ ನನ್ನ ಹಿರಿಯ ಮಗಳು ಗೌರಿ ಮಾತ್ರ ಒಣ ಮೈಯಲ್ಲಿ ಓಡಾಡುತ್ತಿದ್ದಳು. ಮುಟ್ಟಿದರೆ ರೊಟ್ಟಿ ಹಂಚಿನಂತೆ ಸುಡುತ್ತಿದ್ದಳು. ಅವಳಿಗೆ ಹುಟ್ಟಿನಿಂದಲೇ ನರದ ಒಂದು ಅಪರೂಪದ ಕಾಯಿಲೆ. ನೋವು ಗೊತ್ತಾಗುವುದಿಲ್ಲ, ಬೆವರು ಬರುವುದಿಲ್ಲ. ನಮಗೆ ಅದು ತಿಳಿಯುವ ಹೊತ್ತಿಗೆ ನಾಲಿಗೆಯ ತುದಿಯನ್ನೇ ಕಡಿದುಕೊಂಡಿದ್ದಳು. ಸಿಂದಗಿಯ ಡಾಕ್ಟರು ಸೂಜಿ ಚುಚ್ಚಿ ನೋಡಿದಾಗ ಅವರ ಮುಖ ನೋಡಿ ನಕ್ಕಿದ್ದಳು.

ನಾನು ಸೋದರಮಾವನ ಮಗನನ್ನೇ ಮದುವೆಯಾದವಳು. ರಕ್ತಸಂಬಂಧದ ಮದುವೆಯಾದ್ದರಿಂದ ಎರಡನೆಯ ಕೂಸಿಗೂ ಈ ಕಾಯಿಲೆ ಬರಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹುಟ್ಟಿದ ಮಗ ಮಹಾ ಶಾಂತ. ನೋಡಲು ಬಂದವರೆಲ್ಲ "ಎಷ್ಟ ಛಲೋ ಕೂಸರಿ, ಅಳೂದ ಇಲ್ಲ" ಎನ್ನುತ್ತಿದ್ದರು. ಅವರ ಬಾಯಿ ಹೊಲಿಯಬೇಕೆನ್ನುವಷ್ಟು ಸಿಟ್ಟು ನನಗೆ. ಗೌರಿಯನ್ನೂ ಹೀಗೇ ಹೊಗಳಿದ್ದರು.

ಆಗ ಗೌರಿಯನ್ನು ನೋಡುತ್ತಿದ್ದ ಡಾಕ್ಟರಮ್ಮ ಮನೆಗೇ ಬಂದರು. ಸೂಜಿ ಚುಚ್ಚದೆ, ಬರೀ ಬೆವರಿನಿಂದ ಈ ಕಾಯಿಲೆಯ ಗುರುತು ಹಿಡಿಯುವ ದಾರಿ ಹುಡುಕುತ್ತಿದ್ದರು. ಬೆವರು ತಾಗಿದರೆ ನೀಲಿಯಾಗುವ ಪಟ್ಟಿಯೊಂದನ್ನು ಮೊದಲು ನನ್ನ ಮುಂಗೈಗೆ ಅಂಟಿಸಿದರು. ನೋಡನೋಡುತ್ತಲೇ ನೀಲಿ ಚುಕ್ಕೆಗಳು ಮೂಡಿದವು. ಗೌರಿಯದು ಬಿಳಿಯಾಗಿಯೇ ಉಳಿಯಿತು. ಕೂಸಿನದೂ ಬಿಳಿ.

"ಗಾಬರಿ ಆಗಬ್ಯಾಡ್ರಿ. ಎಳೀ ಕೂಸಿಗೆ ಬೆವರು ಕಡಿಮಿನ. ಈ ಪಟ್ಟಿ ಇನ್ನೂ ಪಕ್ಕಾ ಆಗಿಲ್ಲ. ಹೊಕ್ಕುಳಬಳ್ಳಿ ರಕ್ತ ಕಳಿಸೇವಲ್ಲ, ಅದರ ರಿಪೋರ್ಟ್ ಬರೂತನಕ ತಡೀರಿ" ಎಂದರು. ತಡೆಯುವುದು ಹೇಗೆ? ಚಿವುಟಿ ನೋಡೋಣವೆಂದರೆ ಕೈ ಬರಲಿಲ್ಲ. ಅಳದೇ ಹೋದರೆ?

ಮರುದಿನ ಮಧ್ಯಾಹ್ನ ನಮ್ಮ ಅತ್ತೆ ಉಪ್ಪು, ಒಣಮೆಣಸಿನಕಾಯಿ ತಂದು ಕೂಸಿಗೆ ನಿವಾಳಿಸಿದರು. ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಒಲೆಗೆ ಹಾಕುವುದು ಬಿಟ್ಟು, ನನಗೂ ಕಾಣಲಿ ಎಂದು ಕೆಂಡವನ್ನು ಕೋಣೆಗೇ ತಂದಿದ್ದರು.

ಮೆಣಸಿನಕಾಯಿ ಕೆಂಡಕ್ಕೆ ಬಿದ್ದದ್ದೇ ತಡ, ಘಾಟು ಬಂದೇಬಿಟ್ಟಿತು. ಅತ್ತೆ ಕೆಮ್ಮುತ್ತ ಹೊರಗೆ ಓಡಿದರು. ನನ್ನ ಕಣ್ಣಲ್ಲಿ ಧಾರಾಕಾರ ನೀರು. ಅದರ ನಡುವೆಯೇ ಕಣ್ಣು ಬಿಟ್ಟರೆ, ಹೊಗೆಯಲ್ಲಿ ತೊಟ್ಟಿಲ ಹಗ್ಗ ಹಿಡಿದು ಗೌರಿ ನಿಂತಿದ್ದಳು. ರೆಪ್ಪೆ ಬಡಿಯದೆ, ಅಗಲ ಕಣ್ಣಿನಿಂದ ನನ್ನನ್ನೇ ನೋಡಿ ನಗುತ್ತಿದ್ದಳು. ತೊಟ್ಟಿಲು ತೂಗುತ್ತಿತ್ತು. ಒಳಗಿನಿಂದ ಒಂದು ಸದ್ದೂ ಇಲ್ಲ.

"ಅತ್ತಿ, ಕೂಸು ಅಳವಲ್ದು!" ಎಂದು ಕಿರುಚಿದೆ.

ಅಷ್ಟರಲ್ಲಿ ಒಂದು ಸೀನು. ಹಿಂದೆಯೇ ಮನೆ ಹಾರಿಹೋಗುವಂಥ ಅಳು. ಎತ್ತಿಕೊಂಡು ಹೊರಗೆ ಓಡಿದೆ. ಕೂಸಿನ ಮುಖ ಕೆಂಪಗಾಗಿತ್ತು, ಕಣ್ಣು ಬಿಗಿಯಾಗಿ ಮುಚ್ಚಿತ್ತು. "ಅತ್ತಾ! ನನ್ನ ರಾಜಾ ಅತ್ತಾ!" ಎಂದು ಅತ್ತೆ ಚಪ್ಪಾಳೆ ತಟ್ಟಿದರು. ಇಬ್ಬರೂ ಹುಚ್ಚರಂತೆ ನಕ್ಕೆವು.

ಆಗ ಒಳಗಿನಿಂದ ಇನ್ನೊಂದು ಅಳು ಕೇಳಿಸಿತು. ತಮ್ಮನ ಅಳುವಿನ ರಾಗವೇ. ತಿರುಗಿ ನೋಡಿದರೆ ಗೌರಿ ಹೊಗೆಯಲ್ಲೇ ನಿಂತು ಬಾಯಿ ತೆರೆದು ಅಳುತ್ತಿದ್ದಳು. ಕಣ್ಣು ಒಣಗಿತ್ತು. ದೃಷ್ಟಿ ನಮ್ಮ ಮುಖದ ಮೇಲೇ ಇತ್ತು.

"ಅವ್ವಾ, ನಾನೂ ಅಳಾಕತ್ತೇನಿ ನೋಡು. ನಗು" ಎಂದಳು.

ನನ್ನ ನಗು ಅಲ್ಲೇ ನಿಂತಿತು.

ಮಗನಿಗೆ ಕಾಯಿಲೆ ಇಲ್ಲವೆಂದು ಮುಂದೆ ರಿಪೋರ್ಟ್ ಬಂತು. ಡಾಕ್ಟರಮ್ಮ ಈಗಲೂ ಹೊಸ ಪಟ್ಟಿ ಹಿಡಿದು ಬರುತ್ತಾರೆ. ಇನ್ನೊಬ್ಬ ತಾಯಿಗಾದರೂ ಬೇಗ ತಿಳಿಯಲಿ ಎಂದು ನಾನೂ ಮಗಳ ಕೈ ಮುಂದೆ ಚಾಚುತ್ತೇನೆ. ಇವತ್ತಿಗೂ ತಮ್ಮ ಬಿದ್ದು ಅತ್ತರೆ ಸಾಕು, ಗೌರಿಯೂ ಶುರು ಮಾಡುತ್ತಾಳೆ. ನಾನು ಮೊದಲು ಅವಳನ್ನೇ ಎತ್ತಿಕೊಳ್ಳುತ್ತೇನೆ. ಎತ್ತಿಕೊಂಡು, ಒಂದು ದಿನವೂ ತಪ್ಪದೆ, ಒದ್ದೆಯಾಗಿದೆಯೇನೋ ಎಂದು ಕೆನ್ನೆ ಮುಟ್ಟಿ ನೋಡುತ್ತೇನೆ.