ನೇರಳೆ ಮಸಿಯ ಪತ್ರ ಮತ್ತು ಗೌರಿಯ ಹೆಸರು

ಮಗ ಶಾಲೆಯಲ್ಲಿ ಏನು ಮಾಡುತ್ತಿದ್ದಾನೆಂಬುದು ಹಳ್ಳಿಯ ತಂದೆತಾಯಿಗೆ ತಿಳಿಯಬೇಕಾದರೆ ಒಂದೋ ಅವನ ಬಾಯಿಂದಲೇ ತಿಳಿಯಬೇಕು, ಇಲ್ಲವೇ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಒಂದು ಹಾಳೆಯಿಂದ ತಿಳಿಯಬೇಕು ಎನ್ನುವಂಥ ಕಾಲ ಅದು. ನಮ್ಮ ಸೀಮೆ ಆಗ ಮದರಾಸಿನ ಆಡಳಿತದಲ್ಲಿತ್ತು. ಹೊಸಪೇಟೆಯಲ್ಲಿ ನಾನು ಓದುತ್ತಿದ್ದ ಹೈಸ್ಕೂಲಿಗೆ ಕಂಪ್ಲಿ, ಗಾದಿಗನೂರುಗಳಿಂದಲೂ, ಗುಡ್ಡದಾಚೆಯ ಸಂಡೂರು ಸಂಸ್ಥಾನದಿಂದಲೂ ಮಕ್ಕಳು ಬಂದು, ನೆಂಟರ ಮನೆಗಳಲ್ಲಿ ಉಳಿದು ಓದುತ್ತಿದ್ದರು. ಅವರ ಹೆತ್ತವರಿಗೆಂದು ಶಾಲೆಯು ಹೊರಡಿಸುತ್ತಿದ್ದ ಸಮಾಚಾರ ಪತ್ರದ ಅಕ್ಷರಗಳು ನನ್ನವು. ಮೂರನೆಯ ಫಾರಂನ ಪದ್ಮಾವತಿಯ ಕೈಬರಹ ಮುತ್ತಿನಂತಿದೆ ಎಂದು ಹೆಡ್‌ಮಾಸ್ತರರು ಹೇಳಿದ ದಿನದಿಂದ ನನ್ನ ಬಲಗೈಯ ಮೂರು ಬೆರಳುಗಳು ನೇರಳೆ ಬಣ್ಣಕ್ಕೆ ತಿರುಗಿ, ಎರಡು ವರ್ಷ ಹಾಗೆಯೇ ಉಳಿದವು.

ಆ ಕೆಲಸವನ್ನು ಕಂಡವರು ಈಗ ವಿರಳ. ಜೆಲಟಿನ್ನನ್ನು ಗ್ಲಿಸರಿನ್ ಜೊತೆ ಕಾಯಿಸಿ ತಗಡಿನ ತಟ್ಟೆಗೆ ಹೊಯ್ದರೆ ಅದು ಆರಿ, ಹಾಲುಬಾಯಿ ಮಿಠಾಯಿಯಂತೆ ಮೆತ್ತಗೆ ಗಟ್ಟಿಯಾಗುತ್ತಿತ್ತು. ನೇರಳೆ ಮಸಿಯಲ್ಲಿ ಬರೆದ ಹಾಳೆಯನ್ನು ಅದರ ಮೇಲೆ ಬೋರಲು ಹಾಕಿ ಸವರಿದರೆ ಮಸಿ ಅದಕ್ಕಿಳಿಯುತ್ತಿತ್ತು. ಆಮೇಲೆ ಒಂದೊಂದೇ ಖಾಲಿ ಹಾಳೆ ಇಟ್ಟು, ಅಂಗೈಯಿಂದ ಒತ್ತಿ ಎತ್ತಿದರೆ ಒಂದೊಂದು ಪ್ರತಿ. ಮೊದಲ ಪ್ರತಿಗಳು ಕಡುನೇರಳೆಯಾಗಿ ಮೂಡಿದರೆ, ಮೂವತ್ತು ದಾಟಿದ ಮೇಲಿನವು ನೀರಿಗೆ ಬಿದ್ದ ರಂಗೋಲಿಯಂತೆ ಮಸುಕಾಗುತ್ತಿದ್ದವು. ದಟ್ಟವಾದವು ಊರಿನ ವಕೀಲರಿಗೆ, ತಹಶೀಲ್ದಾರರಿಗೆ, ಮಸುಕಾದವು ಹಳ್ಳಿಗಳಿಗೆ. ಓದು ಬಲ್ಲವರಿಗೆ ಸ್ಪಷ್ಟ ಅಕ್ಷರ, ಓದಲು ತಿಣುಕುವವರಿಗೆ ಅಳಿಸಿದ ಅಕ್ಷರ! ಇದು ಅನ್ಯಾಯವೆಂದು ನನಗೆ ಆಗ ಹೊಳೆದಿರಲಿಲ್ಲ. ತಟ್ಟೆಯ ಸಿಹಿ ವಾಸನೆ ಹೀರುತ್ತ, ನನ್ನ ಅಕ್ಷರ ನಲವತ್ತು ಮನೆಗೆ ಹೋಗುವುದನ್ನು ನೆನೆದು ಹಿಗ್ಗುತ್ತಿದ್ದೆ.

ಮನೆಯಲ್ಲಿ ಆ ಹಿಗ್ಗಿಗೆ ಜಾಗವಿರಲಿಲ್ಲ. ಜೆಲಟಿನ್ನು ದನದ ಎಲುಬಿನಿಂದ ಮಾಡುವ ಪದಾರ್ಥವೆಂದು ಯಾರೋ ಅಜ್ಜಿಯ ಕಿವಿಗೆ ಹಾಕಿದ್ದರು. ನಾವು ಮಡಿಯ ವೈಷ್ಣವ ಮನೆತನದವರು. ಪತ್ರ ಒತ್ತಿದ ಶುಕ್ರವಾರ ಸಂಜೆ ಅಜ್ಜಿ ಹಿತ್ತಿಲ ಬಾಗಿಲಲ್ಲೇ ನನ್ನನ್ನು ತಡೆದು, ಹುಣಿಸೆಹಣ್ಣು ಬೂದಿ ಹಚ್ಚಿ ಕೈ ತಿಕ್ಕಿಸಿ, ಸ್ನಾನ ಮಾಡಿಸಿ ಒಳಗೆ ಬಿಡುತ್ತಿದ್ದಳು. ಬಣ್ಣ ಮಾತ್ರ ಹೋಗುತ್ತಿರಲಿಲ್ಲ. “ಎಮ್ಮಿ ಮೂಗಿನಂಥ ಬಣ್ಣ ಬಂದದ ನೋಡು ಕೈಗೆ, ಯಾರು ಮಾಡಿಕೋತಾರ ಇವಳನ್ನ” ಎಂಬ ಮಾತು ವಾರಕ್ಕೊಮ್ಮೆಯಾದರೂ ಕೇಳಿಬರುತ್ತಿತ್ತು.

ಇಡೀ ಶಾಲೆಗೆ ನಾವು ಮೂವರೇ ಹುಡುಗಿಯರು. ತರಗತಿಯ ಮೂಲೆಯಲ್ಲಿ ಬಿದಿರಿನ ತಟ್ಟಿಯ ಹಿಂದೆ ನಮ್ಮ ಬೆಂಚು. ಕರಿಹಲಗೆಯ ಅರ್ಧ ಭಾಗ ಮಾತ್ರ ನಮಗೆ ಕಾಣುತ್ತಿತ್ತು. ಕಾಣದ ಅರ್ಧವನ್ನು ಊಹಿಸಿಯೇ ಲೆಕ್ಕ ಬಿಡಿಸುತ್ತಿದ್ದವಳು ನನ್ನ ಗೆಳತಿ ಗೌರಿ. ಅವಳು ಕಂಪ್ಲಿಯ ಕಬ್ಬು ಬೆಳೆಯುವ ರೈತ ಸಿದ್ದಪ್ಪನವರ ಮಗಳು. ಹೊಸಪೇಟೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು. ಗಜ್ಜುಗದ ಆಟದಲ್ಲಿ ಐದು ಕಾಯಿಗಳನ್ನು ಒಂದೇ ಸಲ ಅಂಗೈ ಹಿಂಭಾಗದಲ್ಲಿ ಹಿಡಿಯುತ್ತಿದ್ದಳು, ಬಾಯಲ್ಲಿ ಬೀಜಗಣಿತದ ಸೂತ್ರ ಹೇಳುತ್ತಲೇ.

ಮಾರ್ಗಶಿರದ ಚಳಿ ಬಿದ್ದ ಒಂದು ಮಧ್ಯಾಹ್ನ, ಅವಳು ಗಜ್ಜುಗ ಎಸೆಯುವುದನ್ನು ನಿಲ್ಲಿಸಿ, ಸಂಕ್ರಾಂತಿಯ ಆಚೆಗೆ ತಾನು ಶಾಲೆಗೆ ಬರುವುದಿಲ್ಲವೆಂದಳು. ಹಬ್ಬದ ಮರುವಾರ ಸೋದರಮಾವನ ಮಗನೊಡನೆ ನಿಶ್ಚಯವಂತೆ. ಅಪ್ಪ ಕೆಟ್ಟವರಲ್ಲ, ಬಯ್ಯಲಿಲ್ಲ, ಗಣಿತಕ್ಕೆ ತಾನೇ ಮೊದಲೆಂದು ಅವಳು ಹೇಳಿದ್ದನ್ನು ನಂಬದೆ ಒಂದೇ ಮಾತು ಕೇಳಿದರಂತೆ. ಆ ಮಾತನ್ನು ಅವಳು ಅವರ ದನಿಯಲ್ಲಿಯೇ ಒಪ್ಪಿಸಿದಳು: “ಎಲ್ಲಾರ ಮಕ್ಕಳ ಹೆಸರು ಪತ್ರದಾಗ ಬರತಾವ. ಎರಡು ವರ್ಷಾತು, ನಿನ್ನ ಹೆಸರು ಒಮ್ಮಿನೂ ಬಂದಿಲ್ಲ. ಓದಾಕ ಹೊಕ್ಕಿಯೋ, ಬೆಂಚು ಕಾಯಾಕ ಹೊಕ್ಕಿಯೋ?”

ಹುಡುಗಿಯರ ಹೆಸರು ಪತ್ರದಲ್ಲಿ ಬರಬಾರದೆಂಬುದು ಶಾಲೆಯ ಕಟ್ಟಳೆ. ಗೌರಿ ಗಣಿತದಲ್ಲಿ ಮೊದಲನೆಯವಳಾದಾಗಲೆಲ್ಲ ನಾನು ‘ಓರ್ವ ವಿದ್ಯಾರ್ಥಿನಿ’ ಎಂದಷ್ಟೇ ದುಂಡಾಗಿ ಬರೆದಿದ್ದೆ. ಗೆಳತಿಯನ್ನು ಅವಳ ತಂದೆಯ ಕಣ್ಣಿನಿಂದ ಅಳಿಸಿದ ಕೈ ನನ್ನದೇ. ಅಷ್ಟೇ ಅಲ್ಲ. ಊರ ಹೊರಗಿನ ಕೇರಿಯಿಂದ ಬರುತ್ತಿದ್ದ ಇಬ್ಬರು ವಿದ್ಯಾರ್ಥಿಗಳ ಹೆಸರುಗಳನ್ನು, ಅವರಿಗೆ ಅಂಕ ಎಷ್ಟೇ ಬಂದಿರಲಿ, ಪಟ್ಟಿಯ ತೀರ ಕೊನೆಗೆ ಬರೆಯಬೇಕಿತ್ತು. ಅದನ್ನೂ ನಾನು ಬರೆಯುತ್ತಿದ್ದೆ. ಗೌರಿಗಾಗಿ ಎದ್ದ ನನ್ನ ಧೈರ್ಯ ಅವರಿಗಾಗಿ ಆ ವರ್ಷ ಏಳಲಿಲ್ಲ. ಈ ಮಾತನ್ನು ಇಲ್ಲಿ ಹೇಳದೆ ಮುಂದೆ ಹೋದರೆ ಉಳಿದದ್ದು ಬರಿಯ ಜಂಭವಾದೀತು.

ಹೆಡ್‌ಮಾಸ್ತರರ ಬಳಿ ನಾನು ನೇರವಾಗಿಯೇ ಹೋಗಿ ಕೇಳಿದೆ. ಅವರು ಸಜ್ಜನರು, ಬೆತ್ತ ಮುಟ್ಟದವರು. ಕನ್ನಡಕ ತೆಗೆದು ಒರೆಸುತ್ತ, “ಹೆಣ್ಣುಮಕ್ಕಳ ಹೆಸರು ಕಟ್ಟೀ ಮ್ಯಾಲೆ ಹತ್ತು ಗಂಡಸರ ಬಾಯಾಗ ಬರಬಾರದಮ್ಮ. ನಿಮ್ಮ ಒಳ್ಳೇದಕ್ಕs ಈ ನಿಯಮ” ಎಂದರು. ನಮ್ಮ ಒಳಿತಿಗೆಂದೇ ನಮ್ಮನ್ನು ಇಲ್ಲವಾಗಿಸುವ ಇಂಥ ಸಜ್ಜನಿಕೆಯೊಡನೆ ಮುಂದೆ ಜೀವಮಾನವೆಲ್ಲ ಸೆಣಸಿದ್ದೇನೆ. ಅಂದು ಮಾತ್ರ ತಲೆಯಾಡಿಸಿ ಹೊರಬಂದೆ.

ಸಂಕ್ರಾಂತಿಗೆ ಮುಂಚಿನ ಶುಕ್ರವಾರ ಪತ್ರ ಸಿದ್ಧವಾಯಿತು. ಅರೆವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ಗೌರಿಯೇ ಮೊದಲು. ನಾನು ‘ನಾಲ್ಕನೆಯ ಫಾರಂನ’ ಎಂದು ಬರೆದು, ಸ್ವಲ್ಪ ಹೆಚ್ಚೇ ಜಾಗ ಬಿಟ್ಟು, ‘ವಿದ್ಯಾರ್ಥಿನಿ’ ಎಂದು ಮುಗಿಸಿದೆ. ಹೆಡ್‌ಮಾಸ್ತರರು ಓದಿ ರುಜು ಹಾಕಿ ಸಭೆಗೆ ಹೋದರು. ತಟ್ಟೆಯ ಮುಂದೆ ಕುಳಿತು ನಾನು ಬಿಟ್ಟ ಜಾಗದಲ್ಲಿ ‘ಕಂಪ್ಲಿಯ ಸಿದ್ದಪ್ಪನವರ ಮಗಳು ಗೌರಿ’ ಎಂದು ತುಂಬಿದೆ. ಮೊದಲು ಎದ್ದ ಕಡುನೇರಳೆ ಪ್ರತಿಯನ್ನು ತಹಶೀಲ್ದಾರರ ಕಟ್ಟಿಗೆ ಸೇರಿಸದೆ ಕಂಪ್ಲಿಯ ಕಟ್ಟಿಗೆ ಸೇರಿಸಿದೆ.

ಮರುದಿನ ನಾನೂ ಕಂಪ್ಲಿಗೆ ಹೊರಟೆ. ತಾಲ್ಲೂಕು ಕಚೇರಿಯ ಗುಮಾಸ್ತರಾಗಿದ್ದ ನಮ್ಮಪ್ಪನಿಗೆ ಅಲ್ಲಿ ಕೆಲಸವಿತ್ತು. ಗೌರಿಯನ್ನು ಊರು ಮುಟ್ಟಿಸುವ ನೆಪದಲ್ಲಿ ನನ್ನನ್ನೂ ಕರೆದುಕೊಂಡರು. ಕಬ್ಬಿನ ಹಾಲು, ಬೆಲ್ಲ, ಬಾಳೆಹಣ್ಣು ಬಿಟ್ಟು ಅಲ್ಲಿ ಬೇರೇನನ್ನೂ ಮುಟ್ಟಬಾರದೆಂದು ಅಜ್ಜಿ ಆಣೆ ಹಾಕಿಸಿಕೊಂಡೇ ಬಿಟ್ಟಳು. ನಾವು ಹತ್ತಿದ ಮೋಟಾರು ಬಸ್ಸಿನಲ್ಲೇ ಪತ್ರಗಳ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಸವರಾಜ ಕುಳಿತಿದ್ದ. ಅವನು ಐದನೆಯ ಫಾರಂನವನು, ಕಂಪ್ಲಿಯ ಹಿರಿಯ ವಿದ್ಯಾರ್ಥಿ. ಪ್ರತಿ ಊರಿನಲ್ಲೂ ಹಾಗೆ ಒಬ್ಬ ಹಿರಿಯ ವಿದ್ಯಾರ್ಥಿ ಪತ್ರವನ್ನು ಹೆತ್ತವರೆಲ್ಲರ ಮುಂದೆ ಗಟ್ಟಿಯಾಗಿ ಓದಿ, ಪತ್ರದ ಕೆಳತುದಿಯ ಚೀಟಿಯಲ್ಲಿ ಅವರ ರುಜುವನ್ನೋ ಹೆಬ್ಬೆಟ್ಟನ್ನೋ ಪಡೆದು ಸೋಮವಾರ ಶಾಲೆಗೆ ತಂದೊಪ್ಪಿಸುವುದು ವಾಡಿಕೆ. ಓದುವವನು ತನ್ನ ಗೈರುಹಾಜರಿಯ ಸಾಲು ಬಂದಾಗ ಉಗುಳು ನುಂಗಿ ‘ಹಾಜರು’ ಎಂದು ಓದುವುದೂ ಅಷ್ಟೇ ಹಳೆಯ ವಾಡಿಕೆ. ಮಾಸ್ತರರಿಗೆ ಗೊತ್ತಿರಲಿಲ್ಲ, ಮಕ್ಕಳೆಲ್ಲರಿಗೂ ಗೊತ್ತಿತ್ತು.

ಕಬ್ಬು ಅರೆಯುವ ಕಾಲವಾದ್ದರಿಂದ ಕಂಪ್ಲಿಯವರೆಲ್ಲ ಇಳಿಹೊತ್ತಿಗೆ ಸಿದ್ದಪ್ಪನವರ ಗಾಣದ ಬಳಿ ಸೇರಿದ್ದರು. ಎತ್ತುಗಳು ಸುತ್ತುತ್ತಿದ್ದವು, ಗಾಣ ಕಿರುಗುಟ್ಟುತ್ತಿತ್ತು, ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಹೊಗೆ ಬಾಳೆತೋಟದ ಮೇಲೆ ತೇಲುತ್ತಿತ್ತು. ಗೌರಿಯ ಅವ್ವ ನನ್ನ ಕೈಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಕೊಡಲು ಬಂದು, ಮಡಿವಂತರ ಮಗಳೆಂದು ನೆನಪಾಗಿ ಹಿಂಜರಿದು ನಿಂತರು. ಅನ್ನ ಕೊಡುವ ಕೈ ಹಾಗೆ ಅಂಜುವಂತೆ ಮಾಡಿದ್ದಕ್ಕಿಂತ ದೊಡ್ಡ ಮೈಲಿಗೆ ಯಾವುದು? ನಾನು ಕೈ ಚಾಚಿ ಇಸಿದುಕೊಂಡು ಎರಡು ರೊಟ್ಟಿ ತಿಂದೆ. ಅಪ್ಪ ಅತ್ತ ತಿರುಗಿ ಎತ್ತುಗಳನ್ನು ಬಹಳ ಆಸ್ಥೆಯಿಂದ ನೋಡತೊಡಗಿದರು.

ಬಸವರಾಜ ಬಂಡಿಯ ಮೇಲೆ ನಿಂತು ಓದಲು ಮೊದಲುಮಾಡಿದ. ಬಳ್ಳಾರಿಯ ತಂಡದೊಡನೆ ಆಡಿದ ಫುಟ್‌ಬಾಲ್ ಪಂದ್ಯ, ಸಿಡುಬಿಗೆ ದೇವಿ ಹಾಕುವ ದಿನ, ಹಬ್ಬದ ರಜೆ ಎಲ್ಲವೂ ಆಯಿತು. ಪರೀಕ್ಷೆಯ ಸಾಲಿಗೆ ಬಂದವನೇ ಗಕ್ಕನೆ ನಿಂತ. ಬಂಡಿಯ ಪಕ್ಕದಲ್ಲೇ ಇದ್ದ ನನ್ನ ಕಡೆ ಬಗ್ಗಿ, ಪಿಸುದನಿಯಲ್ಲಿ, “ಈ ಹೆಸರು ಹೆಡ್‌ಮಾಸ್ತರಿಗೆ ಗೊತ್ತೈತೇನ?” ಎಂದ.

“ನೀ ಎಂಟು ದಿನ ಶಾಲಿಗೆ ಬಂದಿಲ್ಲದ್ದು ನಿಮ್ಮಪ್ಪಗ ಗೊತ್ತದ ಏನು? ಮುಂದಿನ ಸಾಲಿನ್ಯಾಗ ಬರದೀನಿ” ಎಂದೆ ನಾನೂ ಅಷ್ಟೇ ಮೆಲ್ಲಗೆ.

ಅವನ ಅಪ್ಪ ಎದುರಿಗೇ ಕಬ್ಬು ಸೀಳುತ್ತ ಕುಳಿತಿದ್ದ. ಬಸವರಾಜ ಒಮ್ಮೆ ಅಪ್ಪನನ್ನು, ಒಮ್ಮೆ ಅಪ್ಪನ ಕೈಯ ಕಬ್ಬನ್ನು ನೋಡಿದ. ಆಮೇಲೆ ಎದೆ ಸೆಟೆಸಿ, ಹೊಳೆಯಾಚೆಗೂ ಕೇಳುವಂತೆ ಓದಿದ: “ಗಣಿತದಲ್ಲಿ ಪ್ರಥಮ ಸ್ಥಾನ, ನಾಲ್ಕನೆಯ ಫಾರಂನ ಕಂಪ್ಲಿಯ ಸಿದ್ದಪ್ಪನವರ ಮಗಳು ಗೌರಿ, ವಿದ್ಯಾರ್ಥಿನಿ.”

ಕೊಪ್ಪರಿಗೆಯಲ್ಲಿ ಮರದ ಹುಟ್ಟು ಆಡಿಸುತ್ತಿದ್ದ ಸಿದ್ದಪ್ಪನವರ ಕೈ ನಿಂತಿತು. ಎತ್ತು ಹೊಡೆಯುವವನು ಎತ್ತು ನಿಲ್ಲಿಸಿದ. ಗಾಣದ ಕಿರುಗುಟ್ಟುವಿಕೆ ನಿಂತು, ಬೆಲ್ಲ ಕುದಿಯುವ ಸದ್ದಷ್ಟೇ ಉಳಿಯಿತು.

“ಇನ್ನೊಮ್ಮಿ ಓದು” ಎಂದರು ಸಿದ್ದಪ್ಪ.

ಬಸವರಾಜ ಓದಿದ. ಮತ್ತೊಮ್ಮೆ ಎಂದರು. ಮೂರನೆಯ ಸಲ ಓದುವಾಗ ನೆರೆದವರ ತುಟಿಗಳೂ ಜೊತೆಗೆ ಅಲುಗುತ್ತಿದ್ದವು. ಬೆಲ್ಲ ತಳ ಹತ್ತುತ್ತದೆಂದು ಗೌರಿಯ ಅವ್ವ ಹುಟ್ಟನ್ನು ಕಸಿದುಕೊಂಡರು. ಕೈಯಲ್ಲಿ ಏನೂ ಇಲ್ಲದಂತಾದ ಸಿದ್ದಪ್ಪ ತಲೆಯ ರುಮಾಲು ಬಿಚ್ಚಿ ಮತ್ತೆ ಸುತ್ತಿದರು. ಇದು ಮೊದಲನೆಯ ಸಲವೇ, ಅಥವಾ ಹಿಂದೆಯೂ ಹೀಗೆ ಬಂದಿದ್ದಳೇ ಎಂದು ಕೇಳಿದರು. ಹಿಂದೆಯೂ ನಾಲ್ಕು ಸಲ ಬಂದಿದ್ದಾಳೆಂದೆ.

“ಮತ್ತ ಇಷ್ಟು ದಿನ ಹೆಸರು ಯಾಕ ಬರಲಿಲ್ಲವ್ವಾ?”

ನಿಯಮವನ್ನು ದೂರಬಹುದಿತ್ತು, ಹೆಡ್‌ಮಾಸ್ತರರನ್ನು ದೂರಬಹುದಿತ್ತು. ಎರಡೂ ಸತ್ಯವೇ. ಆದರೆ ಬಾಯಿಂದ ಬಂದದ್ದು ಮೂರನೆಯ ಸತ್ಯ. “ನಾನs ಬರೀಲಿಲ್ಲರಿ” ಎಂದೆ.

ಅವರು ನನ್ನ ನೇರಳೆ ಬೆರಳುಗಳನ್ನು ನೋಡಿದರು. “ಇವತ್ತ ಬರದಿಯಲ್ಲ, ಆತು ಬಿಡು” ಎಂದರು. ನಿಶ್ಚಯದ ಮಾತಿಗೆ ಬಂದಿದ್ದ ಸೋದರಮಾವ ಅಲ್ಲಿಯೇ ಬೆಲ್ಲ ತಿನ್ನುತ್ತ ಕುಳಿತಿದ್ದ. ಸಿದ್ದಪ್ಪ ಅವನ ಕಡೆ ತಿರುಗಿ, “ನಿನ್ನ ಮಗ ಯಾವ ಲೆಕ್ಕದಾಗ ಮೊದಲ ಬಂದಾನಪ್ಪಾ?” ಎಂದು ಕೇಳಿದರು. ಅವನು ಇನ್ನೊಂದು ತುಂಡು ಬೆಲ್ಲವನ್ನು ಬಾಯಿಗೆ ತುರುಕಿಕೊಂಡ. ಜನ ನಕ್ಕರು. ಹೈಸ್ಕೂಲಿನ ಕೊನೆಯ ತರಗತಿಯಾದ ಆರನೆಯ ಫಾರಂ ಮುಗಿಯುವ ತನಕ ಮದುವೆಯ ಮಾತು ಬೇಡವೆಂದು ಗಾಣದ ಮುಂದೆಯೇ ತೀರ್ಮಾನವಾಯಿತು. ಗೌರಿ ಬಿಸಿ ಬೆಲ್ಲವನ್ನು ಕಬ್ಬಿನ ಸಿಗುರಿನಲ್ಲಿ ಎತ್ತಿ ನನ್ನ ಬಾಯಿಗಿಟ್ಟಳು. ನಾಲಗೆ ಸುಟ್ಟಿತು, ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆ ಸಂಭ್ರಮದಲ್ಲಿ ಬಸವರಾಜ ತನ್ನ ಸಾಲನ್ನು ‘ಎಂಟು ದಿನ ವಿಶೇಷ ಹಾಜರಿ’ ಎಂದು ಓದಿದ್ದನ್ನು ನಾನು ಬಿಟ್ಟು ಯಾರೂ ಗಮನಿಸಲಿಲ್ಲ. ನಾನು ಬಾಯಿ ಬಿಡಲಿಲ್ಲ. ಒಪ್ಪಂದ ಒಪ್ಪಂದವೇ.

ಸೋಮವಾರ ಹೆಡ್‌ಮಾಸ್ತರರ ಮೇಜಿನ ಮೇಲೆ ರುಜುವಿನ ಚೀಟಿಗಳು ಬಂದು ಬಿದ್ದಿದ್ದವು. ಸಿದ್ದಪ್ಪನವರದರಲ್ಲಿ ಬಸವರಾಜನ ಕೈಯಿಂದ ಬರೆಸಿದ ಒಂದು ಸಾಲಿತ್ತು: ‘ಮಗಳ ಹೆಸರು ಕೇಳಿದೆ. ಮುಂದೂ ಕೇಳಿಸಬೇಕು.’ ಕೆಳಗೆ ಹೆಬ್ಬೆಟ್ಟು. ಅಂಚಿನಲ್ಲಿ ಬೆಲ್ಲದ ಕಲೆ. ಹೆಡ್‌ಮಾಸ್ತರರು ಅದನ್ನು ಎರಡು ಸಲ ಓದಿದರು. ರುಜು ಹಾಕಿದ ಮೇಲೆ ಪತ್ರವನ್ನು ತಿದ್ದಿದ್ದು ಮೋಸವೆಂದರು, ನಾನು ಹೌದೆಂದೆ. ಲೇಖನಿಯನ್ನು ನನ್ನಿಂದ ಕಿತ್ತುಕೊಂಡು ಕೋಳಿ ಕೆದರಿದಂತೆ ಬರೆಯುವ ಇನ್ನೊಬ್ಬನಿಗೆ ಕೊಟ್ಟರು. ನಾನು ಅತ್ತೆ.

ಹದಿನೈದು ದಿನದ ಮೇಲೆ ಹೊಸ ಪತ್ರ ಬಂತು. ಅಪ್ಪ ಅದನ್ನು ಪಡಸಾಲೆಯಲ್ಲಿ ನಿಂತು ಅಜ್ಜಿಗೆ ಓದಿ ಹೇಳಿದರು. ಶಾಲೆಯು ತಾನಾಗಿ ಪತ್ರದಲ್ಲಿ ಹಾಕಿದ ಮೊದಲ ಹುಡುಗಿಯ ಹೆಸರು ನನ್ನದಾಗಿತ್ತು: ‘ಅನುಮತಿಯಿಲ್ಲದೆ ಪತ್ರ ತಿದ್ದಿದ್ದಕ್ಕಾಗಿ ನಾಲ್ಕನೆಯ ಫಾರಂನ ಪದ್ಮಾವತಿಗೆ ಎಚ್ಚರಿಕೆ ಕೊಡಲಾಗಿದೆ.’ ಅದರ ಕೆಳಗೆ, ಇನ್ನು ಮುಂದೆ ಎಲ್ಲ ವಿದ್ಯಾರ್ಥಿಗಳ ಹೆಸರನ್ನೂ ಪ್ರಕಟಿಸಲಾಗುವುದೆಂಬ ಒಂದು ಸಾಲು. ಅಜ್ಜಿ ಬತ್ತಿ ಹೊಸೆಯುವುದನ್ನು ನಿಲ್ಲಿಸಿ, “ಹೆಸರಾದ್ರೂ ನೆಟ್ಟಗ ಬರದಾರೇನು?” ಎಂದು ಮಾತ್ರ ಕೇಳಿದಳು. ಕಂಪ್ಲಿಯಲ್ಲಿ ಬಸವರಾಜ ಅದೇ ಸಾಲಿನ ‘ಎಚ್ಚರಿಕೆ’ಯನ್ನು ‘ಬಹುಮಾನ’ವೆಂದು ಓದಿದನೆಂದೂ, ಗಾಣದವರು ನನಗೆಂದು ಒಂದು ಅಚ್ಚು ಬೆಲ್ಲ ಕಟ್ಟಿ ಕಳಿಸಿದ್ದಾರೆಂದೂ ಗೌರಿ ಬಂದು ಹೇಳಿದಳು.

ಗೌರಿ ಮುಂದೆ ಗಣಿತದ ಟೀಚರಾದಳು. ಅವಳ ತರಗತಿಯಲ್ಲಿ ತಟ್ಟಿ ಇರಲಿಲ್ಲ. ಪಟ್ಟಿಯ ಕೊನೆಗೆ ತಳ್ಳಿದ ಆ ಎರಡು ಹೆಸರುಗಳು ಮೇಲೆ ಬರಲು ಇನ್ನೂ ಎರಡು ವರ್ಷ, ಇನ್ನೊಬ್ಬ ಹೆಡ್‌ಮಾಸ್ತರರು ಬೇಕಾದರು.

ಈಗ ಮೊಮ್ಮಗಳ ಶಾಲೆಯಿಂದ ನುಣುಪು ಕಾಗದದ ಮೇಲೆ ಅಚ್ಚಾದ ಪತ್ರ ಅಂಚೆಯಲ್ಲಿ ಬರುತ್ತದೆ. ಎಲ್ಲರ ಹೆಸರೂ ಇರುತ್ತದೆ. ಒಂದು ಪ್ರತಿಯೂ ಮಸುಕಲ್ಲ. ನಾವು ಬಯಸಿದ್ದು ಇದನ್ನೇ, ಅದರಲ್ಲಿ ನನಗೆ ಸಂಶಯವಿಲ್ಲ. ಮಗ ಅದನ್ನು ನಿಂತಲ್ಲೇ ಕಣ್ಣಾಡಿಸಿ, ತನ್ನ ಮಗಳ ಹೆಸರು ಹುಡುಕಿ, ಮಡಚಿ ಇಡುತ್ತಾನೆ. ಉಳಿದ ಮಕ್ಕಳು ಯಾರ ಮಕ್ಕಳೋ ಅವನಿಗೆ ತಿಳಿಯದು. ಮೊನ್ನೆ ನಾನು ಆ ಪತ್ರವನ್ನು ಎತ್ತಿಕೊಂಡು, ಮನೆಯವರೆಲ್ಲ ಊಟಕ್ಕೆ ಕುಳಿತಿದ್ದಾಗ ಗಟ್ಟಿಯಾಗಿ ಓದಿದೆ. ಮೊಮ್ಮಗಳ ಹೆಸರು ಬಂದ ಸಾಲಿನಲ್ಲಿ ನಿಂತು, ಕಾದೆ. ಎಲ್ಲರೂ ಮುಗುಳ್ನಕ್ಕರು. ಇನ್ನೊಮ್ಮೆ ಓದೆಂದು ಯಾರೂ ಹೇಳಲಿಲ್ಲ.